ಮೆಲ್ಲಗೆ ಹಾಡುವ ಧ್ವನಿವರ್ಧಕ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ಹೆದ್ದಾರಿಯಲ್ಲಿ ರಾಮನಗರವನ್ನು ಹೊಕ್ಕು, ಚನ್ನಪಟ್ಟಣವನ್ನು ದಾಟಿ, ದೊಡ್ಡಮಳೂರನ್ನು ಮುಟ್ಟುವವರೆಗಿನ ಆ ಕೆಲವೇ ಹರಿದಾರಿಗಳ ನೆಲವು ನಾಡಿನ ನಾದಚರಿತ್ರೆಯಲ್ಲಿ ತನ್ನ ವಿಸ್ತಾರಕ್ಕೆ ಮೀರಿದ ಸ್ಥಾನವನ್ನು ಪಡೆದುಕೊಂಡಿದೆ. ದೊಡ್ಡಮಳೂರಿನ ಅಪ್ರಮೇಯಸ್ವಾಮಿಯ ದೇವಾಲಯದಲ್ಲಿ ಅಂಬೆಗಾಲಿಡುತ್ತಿರುವ ಪುಟ್ಟ ಕೃಷ್ಣನ ಮೂರ್ತಿಯನ್ನು ಕಂಡೇ ಪುರಂದರದಾಸರು ‘ಜಗದೋದ್ಧಾರನ’ ಎಂಬ ಪದವನ್ನು ಹಾಡಿದರೆಂದು ಸಂಪ್ರದಾಯವು ಹೇಳುತ್ತದೆ. ಅಲ್ಲಿಂದ ಹಿಂದಕ್ಕೆ ಬಂದರೆ, ಎಚ್. ಎಲ್. ನಾಗೇಗೌಡರು ಹಳ್ಳಿಹಳ್ಳಿಗಳ ಹಾಡುಗಾರರನ್ನು ಹುಡುಕಿಕೊಂಡು ಹೋಗಿ ಅವರ ಕಂಠಗಳನ್ನು ಟೇಪುಗಳಲ್ಲಿ ಕೂಡಿಟ್ಟು, ಆ ಸಂಗ್ರಹಕ್ಕೊಂದು ನೆಲೆ ಬೇಕೆಂದು ಕಟ್ಟಿಸಿ 1994ರಲ್ಲಿ ನಾಡಿಗೆ ಒಪ್ಪಿಸಿದ ಜಾನಪದ ಲೋಕವಿದೆ. ಇನ್ನೂ ಮುಂದೆ, ರಾಮದೇವರ ಬೆಟ್ಟದ ಬಂಡೆಗಳ ನಡುವೆ ಚಿತ್ರೀಕರಣಗೊಂಡು 1975ರ ಆಗಸ್ಟ್ 15ರಂದು ತೆರೆಕಂಡ ‘ಶೋಲೆ’, ಆರ್. ಡಿ. ಬರ್ಮನ್ನರ ಮೌತ್‌ಆರ್ಗನ್ನಿನ ಆ ಏಕಾಕಿ ರಾಗದೊಡನೆ ದೇಶವನ್ನೆಲ್ಲ ಸುತ್ತಿ ಬಂದಿದೆ. ಅದರ ಹಾಡುಗಳಷ್ಟೇ ಅಲ್ಲ, ಸಂಭಾಷಣೆಗಳೇ ಗ್ರಾಮಫೋನ್ ತಟ್ಟೆಗಳಾಗಿ ಮಾರಾಟವಾದದ್ದನ್ನು ಹಿರಿಯರು ಮರೆತಿರಲಾರರು.

ಭಕ್ತನ ಪದ, ಜನಪದರ ಕಾವ್ಯ, ಬೆಳ್ಳಿತೆರೆಯ ಧ್ವನಿ ಈ ಮೂರೂ ಒಂದೇ ದಾರಿಯ ಮಗ್ಗುಲಲ್ಲಿ ಸಿಕ್ಕುವ ಪುಣ್ಯ ಎಲ್ಲ ಸೀಮೆಗಳಿಗೂ ಇರುವುದಿಲ್ಲ. ಆದರೆ ಇತ್ತೀಚೆಗೆ ಬೆಂಗಳೂರು ದಕ್ಷಿಣವೆಂದು ಹೆಸರು ಬದಲಿಸಿಕೊಂಡ ಈ ಜಿಲ್ಲೆಯ ಮನೆಗಳಲ್ಲಿ, ರಾಮನಗರವಾಗಲಿ ಕನಕಪುರವಾಗಲಿ ಮಾಗಡಿಯಾಗಲಿ, ಸಂಗೀತವನ್ನು ಕೇಳುವ ಬಗೆಯನ್ನು ನೋಡಿದರೆ ಈ ಐಶ್ವರ್ಯಕ್ಕೂ ಅದನ್ನು ಅನುಭವಿಸುವ ಉಪಕರಣಕ್ಕೂ ಇರುವ ಅಂತರವು ಮನಸ್ಸನ್ನು ನೋಯಿಸುತ್ತದೆ. ಅಂಗೈಯಗಲದ ಫೋನಿನ ಬುಡದಲ್ಲಿರುವ ಸೂಜಿತೂತುಗಳಿಂದಲೋ, ಗೋಡೆಗಂಟಿದ ಟೆಲಿವಿಷನ್ನಿನ ಬೆನ್ನಿನಿಂದಲೋ, ಮೂಲೆಯಲ್ಲಿ ಕೂತು ಗುಮ್ಮೆನ್ನುವ ಪ್ಲಾಸ್ಟಿಕ್ಕಿನ ಪೆಟ್ಟಿಗೆಯಿಂದಲೋ ಹೊರಡುವ ಸದ್ದನ್ನೇ ಸಂಗೀತವೆಂದು ನಂಬಿ, ಅದರ ಮುಂದೆ ಐದು ನಿಮಿಷ ಕೂರಲಾರದೆ ಎದ್ದುಹೋಗುವ ಜನ, ತಮಗೆ ಸಂಗೀತದಲ್ಲಿ ಆಸಕ್ತಿಯಿಲ್ಲವೆಂದು ತೀರ್ಮಾನಿಸಿಬಿಡುತ್ತಾರೆ. ಆಸಕ್ತಿಯಿಲ್ಲದಿರುವುದು ಅನೇಕರ ವಿಷಯದಲ್ಲಿ ನಿಜವಲ್ಲವೆಂದೂ, ಸರಿಯಾಗಿ ರೂಪಿಸಿದ ಒಂದು ಜೊತೆ ಧ್ವನಿವರ್ಧಕಗಳನ್ನು ಸರಿಯಾದ ಜಾಗದಲ್ಲಿಟ್ಟು ಕೇಳಿದರೆ ಅವರಲ್ಲಿ ಬಹುಮಂದಿ ಕೂತಲ್ಲಿಂದ ಏಳಲಾರರೆಂದೂ ನನ್ನ ಅಭಿಪ್ರಾಯ.

ಧ್ವನಿವರ್ಧಕವೆಂದೊಡನೆ ನಮ್ಮ ಕಡೆ ನೆನಪಾಗುವುದು ದೇವಸ್ಥಾನದ ಗೋಪುರದ ಮೇಲೋ ಜಾತ್ರೆಯ ಬೊಂಬಿನ ತುದಿಯಲ್ಲೋ ಕಟ್ಟಿದ ತುತ್ತೂರಿಯಾಕಾರದ ಮೈಕು. ಅದನ್ನು ನಾನು ಹಳಿಯಲಾರೆ. ಅರ್ಧ ಮೈಲಿಯಾಚೆಯ ಹೊಲದಲ್ಲಿರುವವನಿಗೆ ತೇರು ಹೊರಟ ಸುದ್ದಿಯನ್ನು ಮುಟ್ಟಿಸುವುದು ಅದರ ಧರ್ಮ; ಮಾತಿನ ನಡುಶ್ರೇಣಿಯ ಧ್ವನಿಯನ್ನು ಮಾತ್ರ ಹಿಡಿದು, ಮಂದ್ರವನ್ನೂ ಅತಿ ಸೂಕ್ಷ್ಮವಾದ ತಾರವನ್ನೂ ಬಿಟ್ಟು, ಉಳಿದುದನ್ನು ದೂರಕ್ಕೆ ಎಸೆಯುವಂತೆಯೇ ಅದನ್ನು ರಚಿಸಿದ್ದಾರೆ. ಕಬ್ಬಾಳಮ್ಮನ ಜಾತ್ರೆಗೆ ಅದು ಸಾಕು. ದುರ್ದೈವದಿಂದ, ಮೂರು ತಲೆಮಾರುಗಳ ನಮ್ಮ ಕಿವಿಗಳು ಅದರ ಪಾಠಶಾಲೆಯಲ್ಲೇ ಓದಿ ಬಂದುದರಿಂದ, ಹೆಚ್ಚು ಸದ್ದು ಮಾಡುವುದೇ ಒಳ್ಳೆಯ ಯಂತ್ರವೆಂಬ ಗ್ರಹಿಕೆ ಮನೆಯೊಳಕ್ಕೂ ನುಗ್ಗಿತು. ಗಣೇಶನ ಮೆರವಣಿಗೆಯ ‘ಡಿಜೆ’ ಆ ಗ್ರಹಿಕೆಯ ಪರಾಕಾಷ್ಠೆ. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಗಳಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ಲುಗಳ ಮಿತಿಯನ್ನು ವಿಧಿಸಿ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನ ಧ್ವನಿವರ್ಧಕಗಳನ್ನು ನಿಷೇಧಿಸಿವೆಯೆಂಬುದು ಎಲ್ಲರೂ ಬಲ್ಲ ಸಂಗತಿ. ಅದು ಪಾಲನೆಯಾಗುವ ಸೊಗಸನ್ನೂ ಎಲ್ಲರೂ ಬಲ್ಲರು.

ಒಂದು ಕಾಲದಲ್ಲಿ ಸಂಗೀತಕ್ಕೆ ಗಟ್ಟಿದನಿ ನಿಜವಾಗಿಯೂ ಬೇಕಾಗಿತ್ತು. ಮೈಕು ಬರುವುದಕ್ಕೆ ಮುಂಚೆ, ಹಿಂದಿನ ಸಾಲಿನ ಶ್ರೋತೃವಿಗೂ ಪಿಟೀಲು ಕೇಳಿಸಬೇಕೆಂಬ ಹಟದಿಂದ ಮೈಸೂರಿನ ಟಿ. ಚೌಡಯ್ಯನವರು ನಾಲ್ಕು ತಂತಿಯ ವಾದ್ಯಕ್ಕೆ ಮೂರು ತಂತಿಗಳನ್ನು ಕೂಡಿಸಿ ಏಳು ತಂತಿಯ ಪಿಟೀಲನ್ನು ರೂಢಿಗೆ ತಂದರು. ಹಾಡುಗಾರರು ಎತ್ತರದ ಶ್ರುತಿಯಲ್ಲಿ ಗಂಟಲನ್ನು ತೆರೆದು ಹಾಡುತ್ತಿದ್ದರು. ಮೈಕು ಬಂದ ಮೇಲೆ ಆ ಶ್ರಮ ತಪ್ಪಿತು. ಗಾಯಕನು ಮೆಲ್ಲಗೆ ಹಾಡಬಹುದಾಯಿತು, ವೀಣೆಯಂತಹ ಮೃದುಭಾಷಿಯಾದ ವಾದ್ಯವೂ ಸಭೆಯನ್ನು ಆಳಬಹುದಾಯಿತು. ಮೆಲುದನಿಯನ್ನು ಕಾಪಾಡಲೆಂದು ಹುಟ್ಟಿದ ಯಂತ್ರವನ್ನು ನಾವು ಅದನ್ನು ಮುಳುಗಿಸಲು ಬಳಸುತ್ತಿದ್ದೇವೆ. ಅಂಗಡಿಗೆ ಹೋಗಿ ನೋಡಿ: ಮಾರುವವನು ಮೊದಲು ತಿರುಗಿಸುವುದು ‘ಬೇಸ್’ ಎಂಬ ಗುಂಡಿಯನ್ನು, ಕೊಳ್ಳುವವನು ಮೊದಲು ಮುಟ್ಟಿ ನೋಡುವುದು ತನ್ನ ಎದೆಯನ್ನು.

ಈ ಯಂತ್ರದ ಒಳಗಣ ಕಾರ್ಯವನ್ನು ಸ್ವಲ್ಪ ತಿಳಿದರೆ ನಾನು ಹೇಳಹೊರಟಿರುವುದು ಸುಲಭವಾಗಿ ಮನಸ್ಸಿಗೆ ಹತ್ತುತ್ತದೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬ ಇಬ್ಬರು 1925ರಲ್ಲಿ ಪ್ರಕಟಿಸಿದ ವಿನ್ಯಾಸವೇ ಇಂದಿಗೂ ಬಹುತೇಕ ಧ್ವನಿವರ್ಧಕಗಳ ಮೂಲಪುರುಷ: ಅಯಸ್ಕಾಂತದ ಕಂಡಿಯಲ್ಲಿ ತೂಗುವ ತಾಮ್ರದ ಸುರುಳಿ, ಆ ಸುರುಳಿಗಂಟಿದ ಕಾಗದದ ಶಂಕು, ವಿದ್ಯುತ್ತು ಹರಿದಂತೆ ಹಿಂದೆ ಮುಂದೆ ಕಂಪಿಸಿ ಗಾಳಿಯನ್ನು ತಳ್ಳುವ ಕ್ರಿಯೆ. ಶಂಕುವಿನ ಮುಂದೆ ಹುಟ್ಟಿದ ಅಲೆಯು ಹಿಂದೆ ಹುಟ್ಟಿದ ಅಲೆಯೊಡನೆ ಕೂಡಿದರೆ, ಮಂದ್ರಸ್ವರಗಳು ಒಂದನ್ನೊಂದು ಅಳಿಸಿಕೊಂಡು ಮಾಯವಾಗುತ್ತವೆ. ಆದಕಾರಣ ಹಿಂದಿನದನ್ನು ತಡೆಯಲು ಪೆಟ್ಟಿಗೆ ಬೇಕಾಯಿತು. ಮಂದ್ರಕ್ಕೊಂದು ತಾರಕ್ಕೊಂದು ಎಂದು ಎರಡು ಶಂಕುಗಳನ್ನಿಟ್ಟರೆ ಅವುಗಳ ನಡುವೆ ಸ್ವರಗಳನ್ನು ಹಂಚಿಕೊಡುವ ವ್ಯವಸ್ಥೆ ಬೇಕಾಯಿತು. 1954ರಲ್ಲಿ ಎಡ್ಗರ್ ವಿಲ್ಚೂರ್ ಎಂಬಾತನು, ಭದ್ರವಾಗಿ ಮುಚ್ಚಿದ ಸಣ್ಣ ಪೆಟ್ಟಿಗೆಯೊಳಗಿನ ಗಾಳಿಯೇ ಸ್ಪ್ರಿಂಗಿನಂತೆ ಶಂಕುವನ್ನು ಹಿಡಿದಿಡಬಲ್ಲದೆಂದು ತೋರಿಸಿ, ಬೀರುವಿನಷ್ಟು ದೊಡ್ಡ ಪೆಟ್ಟಿಗೆಗಳಿಲ್ಲದೆಯೂ ಮಂದ್ರವನ್ನು ಮನೆಯೊಳಕ್ಕೆ ತಂದನು. 1970ರ ದಶಕದಲ್ಲಿ ಬಿಬಿಸಿಯ ಇಂಜಿನಿಯರುಗಳು ಪ್ರಸಾರದ ವಾಹನದೊಳಗೆ ಇಡಲೆಂದು ರೂಪಿಸಿದ, ಐದಿಂಚಿನ ಶಂಕುವಿನ ಒಂದು ಪುಟ್ಟ ಪೆಟ್ಟಿಗೆಯು ಮನುಷ್ಯಕಂಠವನ್ನು ನುಡಿಸುವ ಪ್ರಾಮಾಣಿಕತೆಗಾಗಿಯೇ ಇಂದಿಗೂ ಹೆಸರುವಾಸಿಯಾಗಿದೆ. ಅವರ ಪರೀಕ್ಷೆಯ ಕ್ರಮವೂ ಸರಳವಾಗಿತ್ತು: ಸ್ಟುಡಿಯೋದಲ್ಲಿ ಮಾತನಾಡುವವನ ದನಿಯನ್ನು ಕೇಳಿ, ಪಕ್ಕದ ಕೋಣೆಗೆ ಬಂದು ಅದೇ ದನಿಯನ್ನು ಯಂತ್ರದಿಂದ ಕೇಳಿ, ಎರಡಕ್ಕೂ ಇರುವ ಅಂತರವು ಕಿರಿದಾಗುವವರೆಗೆ ತಿದ್ದುವುದು.

ವೀಣೆಯ ಸಂಸ್ಕಾರವುಳ್ಳ ನಮಗೆ ಇಲ್ಲಿ ಒಂದು ವೈಚಿತ್ರ್ಯ ಕಾಣುತ್ತದೆ. ಹಲಸಿನ ಮರವನ್ನು ಆರಿಸಿ, ವರ್ಷಗಟ್ಟಲೆ ಒಣಗಿಸಿ, ಕೊಡವನ್ನು ಕೊರೆದು ತೆಳುಮಾಡುವ ಶಿಲ್ಪಿಯ ಗುರಿಯೆಲ್ಲ ಆ ಮರವು ತಂತಿಯೊಡನೆ ತಾನೂ ಹಾಡಬೇಕೆಂಬುದು. ಧ್ವನಿವರ್ಧಕದ ಪೆಟ್ಟಿಗೆಯ ಶಿಲ್ಪಿಗಾದರೋ ತನ್ನ ಮರವು ತುಟಿ ಬಿಚ್ಚದಿರುವುದೇ ಗುರಿ. ಅದಕ್ಕೆಂದೇ ಹಲಗೆಯನ್ನು ದಪ್ಪಮಾಡುತ್ತಾನೆ, ಒಳಗೆ ಅಡ್ಡಪಟ್ಟಿಗಳನ್ನು ಬಿಗಿಯುತ್ತಾನೆ, ಉಣ್ಣೆಯನ್ನು ತುರುಕುತ್ತಾನೆ. ಪೆಟ್ಟಿಗೆಯು ತನ್ನದೊಂದು ಸ್ವರವನ್ನು ಸೇರಿಸಿದರೆ ಪಿಟೀಲಿಗೂ ಕೊಳಲಿಗೂ ಘಟಕ್ಕೂ ಅದೇ ಬಣ್ಣ ಹತ್ತಿಕೊಳ್ಳುತ್ತದೆ. ಚನ್ನಪಟ್ಟಣದ ಕುಶಲಕರ್ಮಿಗಳನ್ನು ಕಂಡಾಗಲೆಲ್ಲ ಇವರಿಂದ ಧ್ವನಿವರ್ಧಕಗಳನ್ನು ಮಾಡಿಸಬಾರದೇಕೆ ಎಂದು ಕೇಳುವ ಉತ್ಸಾಹಿಗಳಿದ್ದಾರೆ. ಲೇತಿನ ಮೇಲೆ ಗಿರಗಿರನೆ ಸುತ್ತುವ ಆಲೆ ಮರದ ತುಂಡಿಗೆ ಅರಗಿನ ಕಡ್ಡಿಯನ್ನು ಒತ್ತಿಹಿಡಿದಾಗ, ಉಜ್ಜಾಟದ ಬಿಸಿಗೇ ಅರಗು ಕರಗಿ ಮೈಗೆ ಹತ್ತುವುದನ್ನೂ, ಅದರ ಮೇಲೆ ತಾಳೆಗರಿಯ ತುಂಡನ್ನು ಹಿಡಿದು ಉಜ್ಜಿದೊಡನೆ ಹಳದಿಯೋ ಕೆಂಪೋ ಬೆಳಕಾಗಿ ಹೊಳೆಯುವುದನ್ನೂ ನೋಡಿದವನಿಗೆ ಆ ಕೈಗಳು ಏನನ್ನಾದರೂ ಮಾಡಬಲ್ಲವೆನ್ನಿಸುವುದು ಸಹಜ. ಆದರೆ ಆಲೆಯು ಮೃದುವಾದ, ಹಗುರವಾದ ಮರ. ಬೊಂಬೆಗೆ ಅದು ವರ, ಪೆಟ್ಟಿಗೆಗೆ ಅಲ್ಲ. ಗುಂಡಾಗಿ ಕಡೆದ ಸಣ್ಣ ಕವಚವೊಂದರಲ್ಲಿ ತಾರಸ್ವರದ ಪುಟ್ಟ ಶಂಕುವನ್ನು ಕೂರಿಸುವುದಕ್ಕೆ ಮಾತ್ರ ಆ ಕೈಚಳಕ ಒಪ್ಪೀತೆಂದು ನನಗೆ ತೋರುತ್ತದೆ. ಚೂಪಾದ ಅಂಚುಗಳಿಲ್ಲದ ಮೈಯಿಂದ ಧ್ವನಿಯು ಚೆದರದೆ ಹೊರಡುತ್ತದೆಂಬುದು ಶಾಸ್ತ್ರಸಮ್ಮತವಾದ ಮಾತು. ಯಾರಾದರೂ ಪ್ರಯತ್ನಿಸಲಿ.

ಇನ್ನು ಮುಖ್ಯವಾದ ವಿಷಯಕ್ಕೆ ಬರೋಣ. ನಮ್ಮ ಸಂಗೀತದ ತಳಹದಿಯಾದ ತಂಬೂರಿಯನ್ನು ತೆಗೆದುಕೊಳ್ಳಿ. ಅದರ ಕುದುರೆಯ ಮೇಲೆ, ತಂತಿಯ ಅಡಿಯಲ್ಲಿ, ಒಂದೆಳೆ ದಾರವನ್ನು ಸಿಕ್ಕಿಸಿ ಕೂದಲೆಳೆಯಷ್ಟು ಅತ್ತಿತ್ತ ಸರಿಸಿದಾಗ ತಂತಿಯು ಇದ್ದಕ್ಕಿದ್ದಂತೆ ಜೀವ ತಾಳಿ, ಒಂದು ಸ್ವರದೊಳಗಿಂದ ಅನೇಕ ಸ್ವರಗಳನ್ನು ಅರಳಿಸುತ್ತದೆ. ಷಡ್ಜದ ತಂತಿಯೊಳಗಿಂದ ಅಂತರಗಾಂಧಾರವು ತಾನಾಗಿ ತೇಲಿಬರುವುದನ್ನು ಸಂಗೀತಗಾರರು ಸ್ವಯಂಭೂ ಸ್ವರವೆಂದು ಕರೆದರು. ಮುಂದೆ ಬೆಂಗಳೂರಿನವರೇ ಆದ ಸಿ. ವಿ. ರಾಮನ್ನರು 1920ರ ಸುಮಾರಿನಲ್ಲಿ, ಕಲ್ಕತ್ತೆಯಲ್ಲಿದ್ದಾಗ, ವೀಣೆ ತಂಬೂರಿಗಳ ಅಗಲವಾದ ಬಾಗುಕುದುರೆಯು ಯೂರೋಪಿನ ವಿಜ್ಞಾನಿಗಳು ತಂತಿವಾದ್ಯಗಳಿಗೆ ವಿಧಿಸಿದ್ದ ನಿಯಮವೊಂದನ್ನು ಮೀರಿ ಈ ಉಪಸ್ವರಗಳನ್ನು ಹೊಮ್ಮಿಸುತ್ತದೆಂದು ತೋರಿಸಿದರು. ಮೃದಂಗದ ಬಲಮುಖದ ಕಪ್ಪು ಕರಣೆಯು, ಸಾಮಾನ್ಯ ಚರ್ಮವಾದ್ಯದ ಅಸ್ತವ್ಯಸ್ತವಾದ ನಾದವನ್ನು ಶ್ರುತಿಬದ್ಧವಾದ ನಾದವನ್ನಾಗಿ ತಿದ್ದುತ್ತದೆಂಬುದನ್ನೂ ಅದೇ ಕಾಲದಲ್ಲಿ ವಿವರಿಸಿ, 1934ರಲ್ಲಿ ಬೆಂಗಳೂರಿನಿಂದ ಮತ್ತಷ್ಟು ವಿಸ್ತಾರವಾಗಿ ಬರೆದರು. ಅಂದರೆ, ನಮ್ಮ ವಾದ್ಯಗಳನ್ನು ಕಟ್ಟಿದ ಪ್ರಾಚೀನರು ಮೂಲಸ್ವರಕ್ಕಿಂತ ಅದರ ಮೇಲೆ ಏಳುವ ಉಪಸ್ವರಗಳ ವಿಷಯದಲ್ಲೇ ತಮ್ಮ ಬುದ್ಧಿಯನ್ನು ಹೆಚ್ಚಾಗಿ ವ್ಯಯಮಾಡಿದ್ದಾರೆ.

ಅಗ್ಗದ ಧ್ವನಿವರ್ಧಕವು ಮೊದಲು ಕಳೆಯುವುದು ಇದನ್ನೇ. ಹಾರ್ಮೋನಿಯಮ್ಮಿನ ಒಂದನೆಯ ಬಿಳಿ ಮನೆಯ ಶ್ರುತಿಯಲ್ಲಿ ಹಾಡುವ ಗಂಡಸಿನ ತಂಬೂರಿಯ ಮಂದ್ರಷಡ್ಜವು ಸೆಕೆಂಡಿಗೆ ಸುಮಾರು 65 ಸಲ ಕಂಪಿಸುತ್ತದೆ; ಗಾಳಿಯಲ್ಲಿ ಅದರ ಒಂದು ಅಲೆಯ ಉದ್ದ 5 ಮೀಟರಿಗೂ ಮಿಗಿಲು, ಎಂದರೆ ನಮ್ಮ ಅನೇಕ ಮನೆಗಳ ನಡುಮನೆಯ ಉದ್ದಕ್ಕಿಂತ ಹೆಚ್ಚು. ಉಗುರಿನಗಲದ ಫೋನಿನ ಸ್ಪೀಕರು ಅದನ್ನು ನುಡಿಸುವುದುಂಟೆ? ಆದರೂ ಷಡ್ಜವು ನಮಗೆ ಕೇಳಿಸಿದಂತೆ ತೋರುವುದಕ್ಕೆ ಕಾರಣ ಯಂತ್ರವಲ್ಲ, ನಮ್ಮ ಮೆದುಳು. ಮೂಲಸ್ವರವು ಇಲ್ಲದಿದ್ದರೂ ಮೇಲಿನ ಉಪಸ್ವರಗಳ ಅಂತರದಿಂದಲೇ ಅದನ್ನು ಊಹಿಸಿಕೊಳ್ಳುವ ಅದ್ಭುತ ಶಕ್ತಿ ಅದಕ್ಕಿದೆ. ಅರ್ಧ ಅಕ್ಷರಗಳು ಅಳಿಸಿಹೋದ ಓಲೆಗರಿಯನ್ನು ಓದುವ ಪಂಡಿತನಂತೆ ಕೇಳುಗನು ಪ್ರತಿ ಕ್ಷಣವೂ ಇಲ್ಲದ್ದನ್ನು ತುಂಬಿಕೊಳ್ಳುತ್ತ ಹೋಗಬೇಕಾಗುತ್ತದೆ. ಆ ದುಡಿಮೆ ಅವನಿಗೇ ಅರಿವಾಗದು, ಅರಿವಾಗುವುದು ಅದರ ದಣಿವು ಮಾತ್ರ. ಒಳ್ಳೆಯ ಧ್ವನಿವರ್ಧಕದ ಮುಂದೆ ಈ ಹೊರೆ ಇಳಿದುಹೋದಾಗ ಮನಸ್ಸಿಗೆ ಬಿಡುವು ದೊರೆತು, ಅದು ರಾಗದ ನಡೆಯನ್ನೂ ಸಾಹಿತ್ಯದ ಅರ್ಥವನ್ನೂ ಗಾಯಕನು ಉಸಿರೆಳೆದುಕೊಳ್ಳುವ ಜಾಗವನ್ನೂ ಗಮನಿಸತೊಡಗುತ್ತದೆ. ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆಯಲ್ಲಿ ಒಂದು ಮೀಟು ಹಾಕಿದ ಮೇಲೆ, ತಂತಿಯನ್ನು ಎಳೆದು ಗಮಕವನ್ನು ಪೂರೈಸುವಷ್ಟರಲ್ಲಿ, ನಾದವು ಕ್ಷೀಣಿಸುತ್ತ ಕ್ಷೀಣಿಸುತ್ತ ಮೌನದ ಅಂಚಿಗೆ ಹೋಗುವುದುಂಟು. ಮಾಧುರ್ಯವೆಲ್ಲ ಆ ಅಂಚಿನಲ್ಲಿದೆ. ಅಂಚನ್ನು ಕತ್ತರಿಸುವ ಯಂತ್ರದಲ್ಲಿ ವೀಣೆಯು ಬರಿಯ ಮೀಟುಗಳ ಸಾಲಾಗಿ ಕೇಳಿಸುತ್ತದೆ.

ಕನಕಪುರದ ಕಡೆಯ ಪೂಜಾ ಕುಣಿತದ ತಮಟೆಗೂ ಇದೇ ಮಾತು ಸಲ್ಲುತ್ತದೆ, ಬೇರೊಂದು ರೀತಿಯಲ್ಲಿ. ಬೆಂಕಿಗೆ ಹಿಡಿದು ಕಾಯಿಸಿ ಬಿಗಿಮಾಡಿದ ಚರ್ಮದ ಮೇಲೆ ಕಡ್ಡಿಯು ಬಿದ್ದ ಆ ಕ್ಷಣದ ಚುರುಕು ಸೆಕೆಂಡಿನ ಸಾವಿರದ ಕೆಲವೇ ಭಾಗಗಳಲ್ಲಿ ಮುಗಿದುಹೋಗುತ್ತದೆ. ಜಡವಾದ ಶಂಕು ಅಷ್ಟರಲ್ಲಿ ಹೊರಡುವುದೂ ಇಲ್ಲ, ಹೊರಟರೆ ನಿಲ್ಲುವುದೂ ಇಲ್ಲ. ಪೆಟ್ಟು ಮೊದ್ದಾಗಿ, ಬಾಲವು ಉದ್ದವಾಗಿ, ತಮಟೆಯು ತಗಡಾಗುತ್ತದೆ.

ಈ ಮಾತುಗಳಿಗೆ ಸಾಕ್ಷಿಯಾಗಿ ಒಂದು ಸಂಜೆಯನ್ನು ಹೇಳಬಹುದು. ಚನ್ನಪಟ್ಟಣದ ಹಳೆಯ ಬೀದಿಯೊಂದರಲ್ಲಿ ನನ್ನ ಸ್ನೇಹಿತರೊಬ್ಬರಿದ್ದಾರೆ, ನಿವೃತ್ತ ಉಪಾಧ್ಯಾಯರು. ಬೆಂಗಳೂರಿನಲ್ಲಿ ಮನೆ ಖಾಲಿ ಮಾಡುತ್ತಿದ್ದವರೊಬ್ಬರಿಂದ ಕೊಂಡುತಂದ ಹಳೆಯ ಸ್ಪೀಕರುಗಳ ಒಂದು ಜೊತೆ ಅವರಲ್ಲಿದೆ. ಮುಂಭಾಗದ ಬಟ್ಟೆ ಮಾಸಿದೆ, ಒಂದರ ಮೂಲೆಯಲ್ಲಿ ಇಲಿ ಹಲ್ಲೂರಿದ ಗುರುತಿದೆ. ಅವುಗಳನ್ನು ಗೋಡೆಯಿಂದ ಮೊಳವೊಂದರಷ್ಟು ಮುಂದಕ್ಕೆಳೆದು, ಕೂತವರ ಕಿವಿಯ ಎತ್ತರಕ್ಕೆ ಬರುವಂತೆ ಎರಡು ಮರದ ಸ್ಟೂಲುಗಳ ಮೇಲಿಟ್ಟು, ಎಂ. ಎಸ್. ಸುಬ್ಬುಲಕ್ಷ್ಮಿಯವರು ಹಾಡಿದ ‘ಜಗದೋದ್ಧಾರನ’ವನ್ನು ಹಾಕಿದರು. ಮನೆಯ ಮಾತಿಗಿಂತ ಎತ್ತರವಾಗದಷ್ಟು ಮೆಲ್ಲಗೆ. ಎಂಬತ್ತು ದಾಟಿದ ಅವರ ತಾಯಿ ಮಳೂರಿನ ಕಡೆಯವರು. ಈ ಪದವನ್ನು ದೇವಸ್ಥಾನದ ಮೈಕಿನಲ್ಲಿ ಜೀವಮಾನವೆಲ್ಲ ಕೇಳಿದವರು. ಸೊಪ್ಪು ಸೋಸುತ್ತಿದ್ದ ಮೊರವನ್ನು ಹಿಡಿದೇ ಅಡುಗೆಮನೆಯಿಂದ ಬಂದು ಕಂಬಕ್ಕೊರಗಿ ಕೂತರು. ಹಾಡು ಮುಗಿದ ಮೇಲೆ, “ಹಿಂದ್ಗಡೆ ಏನೋ ಒಂದೇ ಸಮ ನುಡೀತಾ ಅದಲ್ಲ ಮಗ, ಅದು ಇಷ್ಟು ದಿನ ಇರಲಿಲ್ಲ” ಎಂದರು. “ತಂಬೂರಿ ಕಣವ್ವ. ಯಾವಾಗ್ಲೂ ಇತ್ತು, ನಮಗೇ ಕೇಳ್ತಿರಲಿಲ್ಲ” ಎಂದರು ಮಗ. ಮುದುಕಿ ಇನ್ನೊಂದು ಸಲ ಹಾಕಿಸಿಕೊಂಡು, ಸೊಪ್ಪಿನ ಮೇಲೆ ಕೈಯಾಡಿಸದೆ ಕೇಳಿ, ಆಮೇಲೆ ಧಾರಾವಾಹಿಗೆ ಹೊತ್ತಾಯಿತೆಂದು ಟೀವಿ ಹಾಕಿಸಿದರು. ಸಂಗೀತದ ಗಂಧವಿಲ್ಲದವರೆಂದು ಮನೆಯವರೆಲ್ಲ ತಿಳಿದಿದ್ದ ಆ ತಾಯಿ ಈಗ ವಾರದಲ್ಲಿ ಒಂದೆರಡು ಸಲವಾದರೂ ತಾವಾಗಿಯೇ ಕೇಳಿ ಹಾಕಿಸಿಕೊಳ್ಳುತ್ತಾರಂತೆ.

ಇದೆಲ್ಲ ಶ್ರೀಮಂತರ ಷೋಕಿಯಲ್ಲವೆ ಎಂದು ಕೇಳುವವರಿಗೆ ಎರಡು ಮಾತು ಹೇಳಬೇಕು. ಅದು ಶ್ರೀಮಂತಿಕೆಯ ಶಿಖರದಲ್ಲಿ ಹೇಗಿತ್ತೆಂಬುದಕ್ಕೆ ನಮ್ಮಲ್ಲೇ ಉದಾಹರಣೆಯುಂಟು. ಇದೇ ಹೆದ್ದಾರಿಯ ಕೊನೆಯಲ್ಲಿ, ಮೈಸೂರಿನಲ್ಲಿ, ಜಯಚಾಮರಾಜ ಒಡೆಯರು ತಮ್ಮ ಅರಮನೆಯಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಮುದ್ರಿಕೆಗಳ ಅಪಾರವಾದ ಭಂಡಾರವನ್ನೂ ಬಗೆಬಗೆಯ ಧ್ವನಿವರ್ಧಕಗಳನ್ನೂ ಇಟ್ಟುಕೊಂಡಿದ್ದುದನ್ನು, ಅವರ ಆಹ್ವಾನದ ಮೇರೆಗೆ ಬಂದಿದ್ದ ಲಂಡನ್ನಿನ ಧ್ವನಿಮುದ್ರಣ ನಿರ್ಮಾಪಕ ವಾಲ್ಟರ್ ಲೆಗ್ ಬೆರಗಿನಿಂದ ದಾಖಲಿಸಿದ್ದಾನೆ. ರಷ್ಯದ ನಿಕೊಲಾಯ್ ಮೆಟ್ನರನು ವೃದ್ಧಾಪ್ಯದಲ್ಲಿ ತನ್ನ ಕೃತಿಗಳನ್ನು ತಾನೇ ನುಡಿಸಿ ಮುದ್ರಿಸುವಂತಾದುದು ಈ ಮಹಾರಾಜರ ಔದಾರ್ಯದಿಂದ. ತನ್ನ ಮೂರನೆಯ ಪಿಯಾನೋ ಕಾನ್ಸರ್ಟೋವನ್ನು ಆತನು ಅವರಿಗೇ ಅರ್ಪಿಸಿದನು. ರಿಚರ್ಡ್ ಸ್ಟ್ರೌಸನ ಕೊನೆಯ ನಾಲ್ಕು ಗೀತೆಗಳ ಪ್ರಥಮ ಪ್ರಯೋಗವು 1950ರ ಮೇ 22ರಂದು ಲಂಡನ್ನಿನಲ್ಲಿ ನಡೆದಾಗ ಅದರ ಹಣಕಾಸಿನ ಹೊಣೆ ಹೊತ್ತವರೂ ಅವರೇ. ಇಷ್ಟೆಲ್ಲ ಮಾಡಿದ ಅರಸರು ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರೂ ಆಗಿದ್ದರೆಂಬುದನ್ನು ಮರೆಯಬಾರದು. ನನ್ನ ಕುತೂಹಲ ಅವರ ವೈಭವದ ಕಡೆಗಲ್ಲ. ಮೈಸೂರಿನಲ್ಲಿ ಕೂತ ಒಬ್ಬ ಕೇಳುಗನಿಗೆ, ಯಾವ ಸಂಗೀತದ ಕಚೇರಿಯು ಸಾವಿರಾರು ಮೈಲಿ ದೂರದಲ್ಲಿ ಮಾತ್ರ ನಡೆಯುತ್ತಿತ್ತೋ ಆ ಸಂಗೀತದೊಳಕ್ಕೆ ಆಳವಾಗಿ ಇಳಿಯಲು ದಾರಿಮಾಡಿಕೊಟ್ಟದ್ದು ಮುದ್ರಿಕೆ ಮತ್ತು ಧ್ವನಿವರ್ಧಕ ಎಂಬುದು ನಾನು ಗಮನಿಸುವ ಸಂಗತಿ.

ಮಾಗಡಿಯವನ ಸ್ಥಿತಿ ಅದಕ್ಕಿಂತ ತೀರ ಬೇರೆಯೇನಲ್ಲ. ಎದುರಿಗೆ ಕೂತು ಕೇಳುವ ಕಚೇರಿಗೆ ಸಮಾನವಾದುದಿಲ್ಲವೆಂಬ ವಾದವನ್ನು ನಾನು ತಲೆಬಾಗಿ ಒಪ್ಪುತ್ತೇನೆ. ಆದರೆ ಬೆಂಗಳೂರಿನ ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಕಚೇರಿಗೆ ಹೋದ ಮಾಗಡಿಯ ಅಥವಾ ಕನಕಪುರದ ರಸಿಕನು, ರೈಲಿಲ್ಲದ ತನ್ನೂರಿಗೆ ಕೊನೆಯ ಬಸ್ಸನ್ನು ಹಿಡಿಯಲು, ತನಿ ಆವರ್ತನಕ್ಕೆ ಮುಂಚೆಯೇ ಚಪ್ಪಲಿ ಹುಡುಕಬೇಕಾಗುತ್ತದೆ. ವರ್ಷದ ಉಳಿದ ದಿನಗಳಲ್ಲಿ ಅವನಿಗಿರುವ ಸಭಾಂಗಣವೆಂದರೆ ಅವನ ನಡುಮನೆ.

ಎರಡನೆಯ ಮಾತು ಬೆಲೆಯದು. ಎರಡು ವರ್ಷಕ್ಕೊಮ್ಮೆ ಬದಲಿಸುವ ಮಧ್ಯಮ ಬೆಲೆಯ ಫೋನಿಗೆ ಕೊಡುವಷ್ಟು ಹಣಕ್ಕೆ ಇಂದು ನೆಮ್ಮದಿಯಾಗಿ ಕೇಳಬಹುದಾದ ಸಣ್ಣ ಸ್ಪೀಕರುಗಳ ಜೊತೆಯೊಂದು ದೊರೆಯುತ್ತದೆ. ಒಮ್ಮೆ ಕೊಂಡರೆ ಅದು ಮಗನ ಕಾಲಕ್ಕೂ ಉಳಿಯುತ್ತದೆ. ಶಂಕುವಿನ ಅಂಚಿನ ಫೋಮು ಹದಿನೈದಿಪ್ಪತ್ತು ವರ್ಷಗಳಲ್ಲಿ ಪುಡಿಯಾಗುವುದುಂಟು, ಅದನ್ನು ಬದಲಿಸಿಕೊಡುವ ಕಸಬುದಾರರಿದ್ದಾರೆ. ರಬ್ಬರಿನದಾದರೆ ಇನ್ನೂ ಹೆಚ್ಚು ಬಾಳುತ್ತದೆ. ಇದರಾಚೆಗೆ ಒಂದು ಹುಚ್ಚಿನ ಲೋಕವಿದೆಯೆಂಬುದನ್ನು ಬಲ್ಲೆ. ಬಂಗಾರದ ಬೆಲೆಯ ತಂತಿಗಳನ್ನು ಕೊಂಡು, ಹಾಡಿಗಿಂತ ತಂತಿಯನ್ನೇ ಕೇಳುತ್ತ ಕೂರುವ ಮಹನೀಯರಿಗೆ ನನ್ನ ದೂರದಿಂದಲೇ ನಮಸ್ಕಾರ.

ಹಣಕ್ಕಿಂತ ಹೆಚ್ಚು ಬೇಕಾದುದು ಕೋಣೆಯ ಮೇಲಿನ ಗಮನ. ನಮ್ಮ ಸೀಮೆಯ ನೆಲವೇ ಕಲ್ಲು. ರಾಮನಗರದ ಬೆಟ್ಟಗಳ ಶಿಲೆಗೆ ಊರಿನ ಹಳೆಯ ಹೆಸರನ್ನಿಟ್ಟು ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ, ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಆ ಕಲ್ಲನ್ನೇ ಕನ್ನಡಿಯಂತೆ ಉಜ್ಜಿ ನೆಲಕ್ಕೆ ಹಾಸಿ, ಸಿಮೆಂಟಿನ ಬೋಳುಗೋಡೆಗಳ ಮೇಲೆ ಒಂದು ಕ್ಯಾಲೆಂಡರನ್ನು ಮಾತ್ರ ತೂಗುಹಾಕಿದ ಈಗಿನ ಮನೆಗಳಲ್ಲಿ ಒಂದು ಚಪ್ಪಾಳೆ ತಟ್ಟಿ ನೋಡಿ. ಅದು ಗೋಡೆಯಿಂದ ಗೋಡೆಗೆ ಪುಟಿಯುವುದು ಸ್ಪಷ್ಟವಾಗಿ ಕೇಳಿಸುತ್ತದೆ. ಅಂತಹ ಕೋಣೆಯಲ್ಲಿ ಎಷ್ಟು ಉತ್ತಮವಾದ ಧ್ವನಿವರ್ಧಕವಾದರೂ ಅಸಹಾಯವಾಗುತ್ತದೆ. ನೆಲಕ್ಕೊಂದು ದಪ್ಪನೆಯ ಜಮಖಾನೆ, ಕಿಟಕಿಗೆ ಭಾರವಾದ ಪರದೆ, ಒಂದು ಗೋಡೆಗೆ ಪುಸ್ತಕದ ಬೀರು, ಮೂಲೆಯಲ್ಲಿ ಸುತ್ತಿಟ್ಟ ಹತ್ತಿಯ ಹಾಸಿಗೆ: ಅಜ್ಜನ ಕಾಲದ ಮನೆಗಳಲ್ಲಿ ತಾನಾಗಿ ಇದ್ದ ಈ ಸಾಮಾನುಗಳೇ ಚಿಕಿತ್ಸೆ. ಸ್ಪೀಕರುಗಳನ್ನು ಮೂಲೆಗೆ ನೂಕಿದರೆ ಮಂದ್ರವು ಊದಿಕೊಂಡು ಸಾಹಿತ್ಯವನ್ನು ನುಂಗುತ್ತದೆ. ಬೀರುವಿನ ನೆತ್ತಿಯ ಮೇಲಿಟ್ಟರೆ ಗಾಯಕನು ಅಟ್ಟದಲ್ಲಿ ಕೂತಂತಾಗುತ್ತದೆ. ಎರಡು ಸ್ಪೀಕರುಗಳೂ ಕೇಳುಗನೂ ಸಮತ್ರಿಭುಜದ ಮೂರು ಮೂಲೆಗಳಲ್ಲಿದ್ದರೆ, ಸ್ಟೀರಿಯೋ ಮುದ್ರಿಕೆಯಲ್ಲಿ ಗಾಯಕನು ನಡುವೆ ಬಂದು ಕೂತು, ಪಿಟೀಲೂ ಮೃದಂಗವೂ ಅವನ ಆಚೀಚೆ ತಮ್ಮ ತಮ್ಮ ಜಾಗಗಳನ್ನು ಹಿಡಿಯುತ್ತವೆ. ನಮ್ಮ ಹಿರಿಯ ವಿದ್ವಾಂಸರ ಹಳೆಯ ಮುದ್ರಿಕೆಗಳಲ್ಲಿ ಬಹುಪಾಲು ಮೊನೊ. ಅವು ನಡುವಿನಿಂದಲೇ ಬರುತ್ತವೆ, ಅದರಿಂದ ನಷ್ಟವೇನೂ ಇಲ್ಲ.

ಮೆಲ್ಲಗೆ ಕೇಳುವುದನ್ನು ಕುರಿತು ಒಂದು ಎಚ್ಚರಿಕೆಯನ್ನೂ ಸೇರಿಸಬೇಕು. ಧ್ವನಿಯು ತಗ್ಗಿದಂತೆ ಮನುಷ್ಯನ ಕಿವಿಯು ಮಂದ್ರಸ್ವರಗಳಿಗೆ ಹೆಚ್ಚು ಮಂದವಾಗುತ್ತದೆಂದು ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು 1933ರಲ್ಲೇ ಅಳೆದು ತೋರಿಸಿದರು. ಜನರು ಗುಂಡಿಯನ್ನು ಮೇಲೆ ಮೇಲೆ ತಿರುಗಿಸುವುದಕ್ಕೆ ಇದೂ ಒಂದು ಕಾರಣ. ಕಾಣೆಯಾದ ಮೃದಂಗದ ಎಡಮುಖವನ್ನು ಅವರು ಹುಡುಕುತ್ತಿರುತ್ತಾರೆ. ಸರಿಯಾಗಿ ರೂಪಿಸಿದ ಸ್ಪೀಕರಿನಲ್ಲಿ ಆ ಗುಂಕಿಯು ತಗ್ಗಿದ ದನಿಯಲ್ಲೂ ತಕ್ಕಮಟ್ಟಿಗೆ ಉಳಿಯುವುದರಿಂದ, ಪಕ್ಕದ ಮನೆಯ ಓದುವ ಹುಡುಗನಿಗೆ ತೊಂದರೆಯಿಲ್ಲದೆ ಕಚೇರಿಯನ್ನು ಪೂರ್ತಿಯಾಗಿ ಕೇಳಬಹುದು. ಅಂಗಡಿಯಲ್ಲಿ ಕೊಳ್ಳುವಾಗಲೂ ಇದನ್ನೇ ಪರೀಕ್ಷೆಯಾಗಿಟ್ಟುಕೊಳ್ಳಿ: ನಿಮಗೆ ಚೆನ್ನಾಗಿ ಪರಿಚಯವಿರುವ ಕಂಠವೊಂದನ್ನು, ಅದರಲ್ಲೂ ತಂಬೂರಿಯೊಡನೆ ಹಾಡಿದ್ದನ್ನು, ಮಾತಿನ ಮಟ್ಟದಲ್ಲಿ ಹಾಕಿಸಿ ಅರ್ಧ ಗಂಟೆ ಕೂರಿ. ಮಾರುವವನು ಬೇಸರಿಸಿದರೆ ಬೇರೆ ಅಂಗಡಿಗೆ ಹೋಗಿ.

ಮನೆಗಳ ಮಾತಾಯಿತು, ಎಲ್ಲರ ಮನೆಯಲ್ಲೂ ಇದು ಆಗಲಾರದು. ನಾಗೇಗೌಡರು ಕೂಡಿಟ್ಟ ದನಿಗಳು, ರಾತ್ರಿಯಿಡೀ ಹಾಡುವ ಮಂಟೇಸ್ವಾಮಿಯ ಕಾವ್ಯ, ಮಾದಪ್ಪನ ಕಾವ್ಯ, ಫೋನಿನಲ್ಲಿ ಮೂರು ನಿಮಿಷ ಕೇಳಿ ಮುಂದಕ್ಕೆ ತಳ್ಳುವ ಪದಾರ್ಥಗಳಲ್ಲ. ಕಂಸಾಳೆಯ ಕಂಚು ಕಂಚಾಗಿಯೂ ಹಾಡುಗಾರನ ಏರುದನಿ ಕಂಠವಾಗಿಯೂ ಕೇಳಿಸುವಲ್ಲಿ ಮಾತ್ರ ಅವನ್ನು ಗಂಟೆಗಟ್ಟಲೆ ಕೇಳಲು ಸಾಧ್ಯ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಪ್ರಕಾರ ಆಸ್ತಿ ತೆರಿಗೆಯೊಡನೆ ಗ್ರಂಥಾಲಯದ ಕರವನ್ನು ನಾವೆಲ್ಲ ಕಟ್ಟುತ್ತಲೇ ಇದ್ದೇವೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ಊರುಗಳ ಗ್ರಂಥಾಲಯಗಳಲ್ಲಿ ಒಂದೊಂದು ಸಣ್ಣ ಕೋಣೆಯನ್ನು ಬಿಡಿಸಿ, ಜಮಖಾನೆ ಹಾಸಿ, ಒಂದು ಜೊತೆ ಒಳ್ಳೆಯ ಧ್ವನಿವರ್ಧಕಗಳನ್ನಿಟ್ಟು, ಜಾನಪದ ಲೋಕದ ಸಂಗ್ರಹದಿಂದಲೂ ಆಕಾಶವಾಣಿಯ ಭಂಡಾರದಿಂದಲೂ ಅನುಮತಿ ಪಡೆದ ಮುದ್ರಿಕೆಗಳನ್ನು ವಾರಕ್ಕೊಂದು ಸಂಜೆ ಕೇಳಿಸುವ ಏರ್ಪಾಟನ್ನು ಗ್ರಂಥಾಲಯ ಇಲಾಖೆಯವರೂ ಪುರಸಭೆ ನಗರಸಭೆಗಳ ಸದಸ್ಯರೂ ಮಾಡಬೇಕೆಂದು ಕೇಳಿಕೊಳ್ಳುತ್ತೇನೆ. ಒಂದು ದಿನದ ಮೆರವಣಿಗೆಗೆ ಬಾಡಿಗೆಗೆ ತರುವ ಡಿಜೆಗಳ ಖರ್ಚನ್ನು ಒಂದೇ ಒಂದು ವರ್ಷ ಉಳಿಸಿದರೂ ಆ ನಾಲ್ಕು ಕೋಣೆಗಳಿಗೆ ಸಾಕಾದೀತು.